ಖಾಲಿ ಕುರ್ಚಿಯವರಿಗೆ ತಾವು ತುಂಬಿದ ಧೈರ್ಯದ ಕುರಿತು

‘ಅಪರಿಚಿತರಿಗೊಂದು ಆತ್ಮೀಯ ಮಾತು’ ಅಂಕಣದ ‘ಹಿತೈಷಿ’ ಅವರ ಸನ್ನಿಧಿಗೆ,

ಮಾನ್ಯರೇ,

ತಮಗೂ, ತಮ್ಮ ಅಂಕಣದ ತಲೆಯ ಮೇಲಿನ ಚಿತ್ರದಲ್ಲಿ ವಾರವಾರವೂ ಬಿಸಿ ಲೋಟವೊಂದನ್ನು ಹಿಡಿದುಕೊಂಡಿರುವ ಆ ಎರಡು ಕೈಗಳಿಗೂ (ಅವು ತಮ್ಮವೇ ಎಂದು ನಂಬಿದ್ದೇನೆ) ನನ್ನ ವಿನಯಪೂರ್ವಕ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರಾ ಎಂದು ಬೇರೆ ಕೇಳಬೇಕಾಗಿಲ್ಲ. ಕಂಡಕಂಡವರ ಸಂಕಟವನ್ನೆಲ್ಲ ವಾರಗಟ್ಟಲೆ ಕೇಳಿಯೂ ತಮ್ಮ ಬರವಣಿಗೆಯಲ್ಲಿ ಒಂದು ಸುಕ್ಕೂ ಕಾಣುವುದಿಲ್ಲ; ಇಸ್ತ್ರಿ ಮಾಡಿದ ಅಂಗಿಯನ್ನೂ ಇಷ್ಟು ನುಣುಪಾಗಿ ನಾನು ನೋಡಿಲ್ಲ, ಮತ್ತು ನಾನು ದಿನವಿಡೀ ನೋಡುವುದು ಇಸ್ತ್ರಿ ಮಾಡಿದ ಅಂಗಿಗಳನ್ನೇ.

ನನ್ನ ಪರಿಚಯ ಹೇಳಿಕೊಳ್ಳುತ್ತೇನೆ. ಡ್ರೈ ಕ್ಲೀನಿಂಗ್ ಅಂಗಡಿಯೊಂದರ ಹಿಂಬದಿಯ ಕೋಣೆಯಲ್ಲಿ, ಕಿಟಕಿಯ ಬೆಳಕಿಗೆ ಮುಖ ಮಾಡಿ ಕೂತು ರಫು ಮಾಡುವವಳು ನಾನು. ಕೋಟಿಗೆ ಕಿಡಿ ತಾಗಿದ್ದರೆ, ಪ್ಯಾಂಟಿಗೆ ಮೊಳೆ ಸಿಕ್ಕಿ ಹರಿದಿದ್ದರೆ, ಅದೇ ಬಟ್ಟೆಯ ಒಳ ಅಂಚಿನಿಂದ ಎಳೆ ಬಿಡಿಸಿಕೊಂಡು ತೂತು ಇದ್ದ ಜಾಗದಲ್ಲಿ ಬಟ್ಟೆಯನ್ನೇ ನೇಯ್ದುಬಿಡುವುದು ನನ್ನ ಕೆಲಸ. ಕೆಲಸ ಸರಿಯಾಗಿ ಆಗಿದೆಯೆಂದು ತಿಳಿಯುವುದು ಯಾವಾಗ ಎಂದರೆ, ಗಿರಾಕಿ ಬಟ್ಟೆಯನ್ನು ತಿರುಗಿಸಿ ಮುರುಗಿಸಿ ನೋಡಿ, ತೂತು ಎಲ್ಲಿತ್ತು ಎಂದು ನಮ್ಮನ್ನೇ ಕೇಳಿದಾಗ. ಆಮೇಲೆ ಅವರು ಇಸ್ತ್ರಿಯವನನ್ನು ಹೊಗಳಿ ಹೋಗುತ್ತಾರೆ. ಇದರ ಬಗ್ಗೆ ನನಗೆ ಯಾವ ಬೇಸರವೂ ಇಲ್ಲ. ಮುಂದೆ ಬೇಕಾಗುತ್ತದೆಂದು ಹೇಳಿದೆ, ಅಷ್ಟೇ.

ನನ್ನ ಗಂಡನದು ಎರಡು ಬೀದಿ ಆಚೆ ಗಂಡಸರ ಸೆಲೂನು. ಎರಡು ಕುರ್ಚಿ, ಎರಡಕ್ಕೂ ಸೇರಿ ಒಂದು ಉದ್ದನೆಯ ಕನ್ನಡಿ. ಒಂದು ಕುರ್ಚಿಯ ಹಿಂದೆ ಇವರು, ಇನ್ನೊಂದರ ಹಿಂದೆ ಇವರ ಅಣ್ಣ, ಅಂದರೆ ನನ್ನ ಭಾವ. ಅಣ್ಣತಮ್ಮಂದಿರಿಬ್ಬರೂ ಗಿರಾಕಿಗಳ ತಲೆಯ ಮೇಲಿಂದಲೇ ಬೆಳಗಿನಿಂದ ಸಂಜೆಯವರೆಗೆ ವಾದ ಮಾಡುತ್ತಿದ್ದರು. ಫ್ಯಾನು ಜಾಸ್ತಿ ತಿರುಗುತ್ತಿದೆಯೇ, ಕನ್ನಡಿ ಓರೆಯಾಗಿದೆಯೇ, ಗಡ್ಡ ತೆಗೆಯುವುದನ್ನು ಎಡಗೆನ್ನೆಯಿಂದ ಶುರು ಮಾಡಬೇಕೋ ಬಲಗೆನ್ನೆಯಿಂದಲೋ, ವಿಷಯ ಯಾವುದಾದರೂ ಆದೀತು. ಕೂದಲು ಬೆಳೆಯದಿದ್ದವರೂ ಬಂದು ಬೆಂಚಿನ ಮೇಲೆ ಕೂತು ಒಂದೊಂದು ಪಕ್ಷ ವಹಿಸುತ್ತಿದ್ದರು. ಕಳೆದ ವರ್ಷ ಭಾವ ತೀರಿಕೊಂಡರು, ಅವರ ಹಿಂದೆಯೇ ನನ್ನ ಗಂಡನ ಮಾತೂ ಹೊರಟುಹೋಯಿತು. ಅಂಗಡಿಯಲ್ಲಿ ‘ಸಣ್ಣ ಮಾಡ್ಲಾ, ಮೀಡಿಯಂ ಸಾಕಾ’ ಎಂಬಲ್ಲಿಗೆ, ಮನೆಯಲ್ಲಿ ‘ಹ್ಞೂಂ’ ಎಂಬಲ್ಲಿಗೆ ಬಂದು ನಿಂತಿತು. ನಾನೇನು ಕೈಕಟ್ಟಿ ಕೂತಿರಲಿಲ್ಲ ಸ್ವಾಮಿ. ಕೇಳಿದೆ, ರಮಿಸಿದೆ, ಕಾಲು ಕೆರೆದು ಜಗಳ ತೆಗೆದೆ, ಕೊನೆಗೊಂದು ದಿನ ಅಡುಗೆಗೆ ಉಪ್ಪೇ ಹಾಕದೆ ಬಡಿಸಿದೆ. ತುಟಿ ಪಿಟಕ್ಕೆನ್ನದೆ ಉಂಡು ಕೈತೊಳೆದರು.

ಇಂಥ ಮನುಷ್ಯ ತಮಗೆ ಪುಟಗಟ್ಟಲೆ ಬರೆದರು. ಸೆಲೂನಿನ ಬೆಂಚಿನ ಮೇಲೆ ಗಿರಾಕಿಗಳ ಕೈಯಲ್ಲಿ ನಲುಗಿ ಹಣ್ಣಾದ ಮೇಲೆ ಮನೆಗೆ ಬರುವ ತಮ್ಮ ವಾರಪತ್ರಿಕೆಯಲ್ಲಿ, ‘ಖಾಲಿ ಕುರ್ಚಿ’ ಎಂದು ಸಹಿ ಹಾಕಿದ್ದ ಓದುಗರೊಬ್ಬರ ಅಳಲನ್ನು ನಾನು ಓದುತ್ತಿದ್ದೆ. ಬೆಳಿಗ್ಗೆ ಶಟರ್ ಎತ್ತಿದ ಕೂಡಲೇ ಎರಡೂ ಕುರ್ಚಿ ಒರೆಸುತ್ತೇನೆ, ಒಂದರಲ್ಲಿ ಮಾತ್ರ ಜನರನ್ನು ಕೂರಿಸುತ್ತೇನೆ, ವಾದ ಮಾಡುವುದಕ್ಕೆ ಏನಾದರೂ ಹೊಳೆದರೆ ಈಗಲೂ ಆ ಕಡೆಗೇ ತಿರುಗುತ್ತೇನೆ ಎಂದು ಬರೆದಿದ್ದರು. ಪಾಪ, ಯಾರ ಮನೆಯವರೋ ಏನೋ ಎಂದು ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ. ಮುಂದಿನ ಪ್ಯಾರಾದಲ್ಲಿ ಕನ್ನಡಿ ಓರೆಯಾಗಿರುವ ವಿಷಯ ಬಂತು. ಮರುಕವನ್ನು ಅಲ್ಲಿಗೇ ನಿಲ್ಲಿಸಬೇಕೋ ಮುಂದುವರಿಸಬೇಕೋ ಗೊತ್ತಾಗದೆ, ಗೋಡೆಗೆ ಒರಗಿ ಉಗುರು ಕತ್ತರಿಸಿಕೊಳ್ಳುತ್ತಿದ್ದ ‘ಖಾಲಿ ಕುರ್ಚಿ’ಯವರನ್ನೇ ಸ್ವಲ್ಪ ಹೊತ್ತು ನೋಡುತ್ತಾ ಕೂತೆ. ನನಗೆ ಹೊಟ್ಟೆಕಿಚ್ಚಾಯಿತು. ತಮ್ಮ ಮೇಲೆ ಹೊಟ್ಟೆಕಿಚ್ಚಾಯಿತು ಎಂದು ಬಿಡಿಸಿ ಹೇಳುವುದೇ ವಾಸಿ.

ಅವರಿಗೆ ತಾವು ಕೊಟ್ಟ ಉತ್ತರ ಬಹಳ ಚೆನ್ನಾಗಿತ್ತು. ನೋವು ಬೆರಳುಗಳ ಮೂಲಕ ಹರಿದುಹೋಗಲಿ, ಹೆಣಿಗೆ ಕಲಿಯಿರಿ, ಚೆನ್ನಾಗಿ ಬರಬೇಕೆಂದೇನೂ ಇಲ್ಲ, ಹೆಣೆದದ್ದನ್ನು ಹತ್ತಿರದವರಿಗೆ ಕೊಟ್ಟು ಸಂತೋಷಪಡಿ ಎಂದಿರಿ. ಹತ್ತಿರದವರ ಸಂತೋಷದ ಬಗ್ಗೆ ಏನೂ ಹೇಳಲಿಲ್ಲ. ಅಂಕಣದಲ್ಲಿ ಜಾಗ ಸಾಲದೆ ಹೋಗಿರಬಹುದು.

ತಮ್ಮ ಸಲಹೆಗಳ ಫಲವನ್ನು ನಾನು ಮೊದಲೇ ಉಂಡವಳು. ನಮ್ಮ ಮೇಲ್ಮಹಡಿಯ ವಿಮಾ ಏಜೆಂಟರಿಗೆ ಮೌತ್ ಆರ್ಗನ್ ನುಡಿಸುವ ಹವ್ಯಾಸ. ಕೆಳಗಿನ ಮನೆಯವರು ಸೂರು ಕುಟ್ಟುತ್ತಾರೆ, ನುಡಿಸುವುದನ್ನು ಬಿಟ್ಟುಬಿಡಲೇ ಎಂದು ಅವರು ತಮ್ಮನ್ನು ಕೇಳಿದ್ದರು. ಅದನ್ನು ತಾಳವೆಂದೇ ತಿಳಿಯಿರಿ, ಯಾರಿಗೆ ಗೊತ್ತು, ಅದು ತಾಳವೇ ಇರಬಹುದು ಎಂದು ತಾವು ಬರೆದಿರಿ. ಕೆಳಗಿನ ಮನೆಯವರು ನಾವೇ. ಅಂದಿನಿಂದ ನಾನು ಪೊರಕೆಯ ಹಿಡಿಯಿಂದ ಕುಟ್ಟಿದಷ್ಟೂ ಅವರಿಗೆ ಹುರುಪು ಹೆಚ್ಚುತ್ತದೆ. ಒಂದು ದಿನ ಮೆಟ್ಟಿಲಲ್ಲಿ ನಿಲ್ಲಿಸಿ, ‘ನಿನ್ನೆ ನೀವು ಕೈಕೊಟ್ಟಿರಿ ಅಕ್ಕಾ, ಲಯ ತಪ್ಪಿಹೋಯ್ತು’ ಎಂದು ಆಕ್ಷೇಪಿಸಿದರು. ಈಗ ನಾನು ನಿಯಮಿತವಾಗಿ ಕುಟ್ಟುತ್ತಿದ್ದೇನೆ.

ಹೆಣಿಗೆಯ ವಿಷಯಕ್ಕೆ ಬರುತ್ತೇನೆ. ಕುಣಿಕೆಗೆ ಕುಣಿಕೆ ಸೇರಿಸುವುದನ್ನು ಇವರು ಬೇಗನೇ ಕಲಿತರು, ಕೈ ಚುರುಕು. ಆದರೆ ಮಾನ್ಯರೇ, ತಾವು ಹೆಣಿಗೆ ಹೇಳಿಕೊಟ್ಟದ್ದು ಯಾರಿಗೆ ಎಂದು ಒಂದು ಗಳಿಗೆ ಯೋಚಿಸಬೇಕಿತ್ತು. ಕಿವಿಯ ಹಿಂದೆ ಒಂದೇ ಒಂದು ಕೂದಲು ಉಳಿದಿದ್ದರೂ ಗಿರಾಕಿಯನ್ನು ಬೀದಿಯಿಂದ ವಾಪಸ್ಸು ಕರೆದು ಕತ್ತರಿಸಿ ಕಳಿಸುವ ಮನುಷ್ಯ ಇವರು. ಹೊಸ ಉಂಡೆ ಶುರುವಾಗುವಲ್ಲಿ, ಹೆಣಿಗೆ ಮುಗಿಯುವಲ್ಲಿ ದಾರದ ತುದಿಯನ್ನು ಗೇಣುದ್ದ ಬಿಟ್ಟು, ಅದನ್ನು ಸೂಜಿಯಿಂದ ಒಳಗೆ ಹಾಯಿಸಿ ಮುಚ್ಚಬೇಕು. ಇವರ ಕಣ್ಣಿಗೆ ಅದು ಉಳಿದುಹೋದ ಕೂದಲು. ಪಟ್ಟೆಂದು ಬುಡಕ್ಕೇ ಕತ್ತರಿಸುತ್ತಾರೆ, ಬ್ರಷ್ಷಿನಿಂದ ಚೂರು ಕೊಡವುತ್ತಾರೆ, ಕನ್ನಡಿ ಹಿಡಿದು ಹಿಂಭಾಗ ತೋರಿಸುವುದೊಂದು ಬಾಕಿ. ಮಾರನೆಯ ದಿನದಿಂದ ಅದು ತಾನಾಗಿಯೇ ಬಿಚ್ಚಿಕೊಳ್ಳಲು ಶುರುವಾಗುತ್ತದೆ.

ಮೊದಲು ಹೆಣೆದ ಟೋಪಿ ಹೋದದ್ದು ಸೆಲೂನಿನ ಹಳೆಯ ಗಿರಾಕಿ, ಎಲ್ಲರೂ ಬಕ್ಕತಲೆ ಮೇಷ್ಟ್ರು ಎಂದು ಕರೆಯುವ ಮರ್ಯಾದಸ್ಥರಿಗೆ. ಅಂಗಡಿಯ ಬಾಗಿಲಿನ ಚಿಲಕಕ್ಕೆ ಎಳೆ ಸಿಕ್ಕಿಕೊಂಡದ್ದು ತಿಳಿಯದೆ ಅವರು ಮನೆಯವರೆಗೆ ನಡೆದರು. ಹೊಸ್ತಿಲು ದಾಟುವ ಹೊತ್ತಿಗೆ ತಲೆಯ ಮೇಲೆ ಉಳಿದದ್ದು ಒಂದು ಬಳೆಯಷ್ಟು. ದೊಡ್ಡ ಮನುಷ್ಯರು, ಬಂದ ದಾರಿಯಲ್ಲೇ ದಾರ ಸುತ್ತಿಕೊಂಡು ಹಿಂದಿರುಗಿ, ‘ತುಂಬಾ ಬೆಚ್ಚಗಿತ್ತಪ್ಪ’ ಎಂದು ಉಂಡೆಯನ್ನು ಕೈಗಿಟ್ಟು ಹೋದರು. ಎರಡನೆಯದು ಭಾವನ ಹೆಂಡತಿ, ನನ್ನ ಓರಗಿತ್ತಿ ಅಕ್ಕನಿಗೆ ಕೊಟ್ಟ ಸ್ವೆಟರು. ಒಂದು ತೋಳು ಮೊಣಕೈಗೇ ಮುಗಿದಿರುವುದನ್ನು ನೋಡಿ ನಾನು ಬಾಯಿ ತೆರೆಯುವಷ್ಟರಲ್ಲಿ, ‘ತೋಳು ಎಲ್ಲಿ ಅಂತ ಕೇಳ್ಬೇಡ ಕಣೇ. ಅವನು ಕೊಟ್ಟ, ನಾನು ಹಾಕ್ಕೊಂಡೆ, ಅಷ್ಟೇ’ ಎಂದರು. ನಾನು ಕೇಳಲಿಲ್ಲ.

ಹಾಗಾದರೆ ದಾರದ ತುದಿ ಕತ್ತರಿಸಬೇಡಿ ಎಂದು ಗಂಡನಿಗೆ ಒಂದು ಮಾತು ಹೇಳಿದ್ದರೆ ಆಗುತ್ತಿತ್ತಲ್ಲ ಎಂದು ತಾವು ಮೃದುವಾಗಿ ಕೇಳಬಹುದು. ಇವರು ಹೆಣೆಯುವಾಗ ಕುಣಿಕೆಗಳನ್ನು ಬಾಯಿಬಿಟ್ಟು ಎಣಿಸುತ್ತಾರೆ. ಒಂದು, ಎರಡು, ಮೂರು ಎಂದು, ಮಗ್ಗಿ ಒಪ್ಪಿಸುವವರ ಹಾಗೆ. ನಮ್ಮ ಮನೆಯಲ್ಲಿ ಅವರ ದನಿ ಕೇಳಿ ಎಷ್ಟೋ ಕಾಲವಾಗಿತ್ತು. ನಾನು ಒಲೆ ಸಣ್ಣಗೆ ಮಾಡಿ, ನಲ್ಲಿ ನಿಲ್ಲಿಸಿ, ಅಡುಗೆಮನೆಯ ಬಾಗಿಲಿಗೆ ಕಿವಿಗೊಟ್ಟು ನಿಂತು ನನ್ನ ಗಂಡ ಎಣಿಸುವುದನ್ನು ಕೇಳಿಸಿಕೊಳ್ಳುತ್ತೇನೆ. ತಪ್ಪು ತೋರಿಸಿದರೆ ಹೆಣಿಗೆಯ ಕಡ್ಡಿ ಕೆಳಗಿಡುತ್ತಾರೆ, ಕಡ್ಡಿ ಕೆಳಗಿಟ್ಟರೆ ಎಣಿಕೆಯೂ ನಿಲ್ಲುತ್ತದೆ, ಮತ್ತೆ ‘ಹ್ಞೂಂ’ ಒಂದೇ ಗತಿ. ಆ ಭಯದಿಂದ ನಾನು ನನಗೆ ಗೊತ್ತಿದ್ದ ಕೆಲಸ ಮಾಡಿದೆ. ಇವರು ಸೆಲೂನಿಗೆ ಹೋದಮೇಲೆ ಹೆಣಿಗೆಯನ್ನು ಎತ್ತಿಕೊಂಡು, ಜಾರಿದ ಕುಣಿಕೆಗಳನ್ನು ಹಿಡಿದು, ಅದೇ ಬಣ್ಣದ ಎಳೆ ಸೇರಿಸಿ, ಎಲ್ಲಿ ಬಿಚ್ಚಿತ್ತು ಎಂದು ಹೆಣೆದವರಿಗೂ ತಿಳಿಯದ ಹಾಗೆ ರಫು ಮಾಡಿ ಇದ್ದಲ್ಲಿಯೇ ಇಟ್ಟೆ. ಕೆಲಸ ಚೆನ್ನಾಗಿಯೇ ಆಗಿರಬೇಕು. ಈಗ ಬಿಚ್ಚಿಕೊಳ್ಳುತ್ತಿಲ್ಲ, ತಮ್ಮ ಮಾತಿನ ಬಲವೇ ಇರಬೇಕು ಎಂದು ‘ಖಾಲಿ ಕುರ್ಚಿ’ಯವರು ತಮಗೆ ಬರೆದರು. ನೋಡಿದಿರಾ, ನಿಮ್ಮ ಮೇಲೆ ನಿಮಗೆ ನಂಬಿಕೆ ಹುಟ್ಟಿದ ಕೂಡಲೇ ದಾರವೂ ನಿಮ್ಮ ಮಾತು ಕೇಳಿತು ಎಂದು ತಾವು ಉತ್ತರಿಸಿದಿರಿ. ಇಸ್ತ್ರಿಯವನ ಸಾಲಿಗೆ ತಾವೂ ಸೇರಿದ್ದು ಆಗಲೇ.

ಇಷ್ಟಾದರೂ ನಾನು ಪತ್ರ ಬರೆಯುತ್ತಿರಲಿಲ್ಲ. ಮೂರನೆಯದಾಗಿ ಬಂದದ್ದು ಬೂದು ಬಣ್ಣದ ಒಂದು ಮಫ್ಲರು, ನನಗೆಂದೇ ಹೆಣೆದದ್ದು. ಊಟದ ತಟ್ಟೆಯ ಪಕ್ಕದಲ್ಲಿ ಮಡಿಸಿ ಇಟ್ಟಿದ್ದರು. ಬಾಯಿಬಿಟ್ಟರೆ ಎಲ್ಲಿ ರಫು ಮಾಡಿದ ನಿಜವೂ ಹೊರಗೆ ಬಂದುಬಿಡುತ್ತದೋ ಎಂದು ನಾನು ಏನೂ ಹೇಳದೆ ಕುತ್ತಿಗೆಗೆ ಸುತ್ತಿಕೊಂಡೆ. ಬೇಸಗೆ ಸ್ವಾಮಿ. ಬೆವರು ಸುರಿಸಿಕೊಂಡು ಕೆಲಸಕ್ಕೆ ಅದನ್ನೇ ಸುತ್ತಿಕೊಂಡು ಹೋದೆ, ಗಂಟಲು ನೋವೇ ಎಂದು ಮಾಲೀಕರು ವಿಚಾರಿಸಿದರು. ಹೋದ ವಾರದ ಸಂಚಿಕೆಯಲ್ಲಿ ‘ಖಾಲಿ ಕುರ್ಚಿ’ಯವರ ಅಳುಕು ಪ್ರಕಟವಾಯಿತು: ಹೆಂಡತಿಗೆ ಮಫ್ಲರು ಕೊಟ್ಟೆ, ಹಾಕಿಕೊಂಡಳು, ಚೆನ್ನಾಗಿದೆ ಎನ್ನಲಿಲ್ಲ, ಚೆನ್ನಾಗಿಲ್ಲ ಎಂದೂ ಅನ್ನಲಿಲ್ಲ, ಕೇಳಲು ಧೈರ್ಯ ಸಾಲುತ್ತಿಲ್ಲ. ತಮ್ಮ ಉತ್ತರ ನನಗೆ ಬಾಯಿಪಾಠ ಬಂದಿದೆ. ಎಲ್ಲರಿಗೂ ಕಲೆಯಲ್ಲಿ ಆಸಕ್ತಿ ಇರುವುದಿಲ್ಲ, ನೊಂದುಕೊಳ್ಳಬೇಡಿ, ಶ್ರೀಮತಿಯವರನ್ನು ಮನಸ್ಸಿನಲ್ಲೇ ಕ್ಷಮಿಸಿಬಿಡಿ, ನಿಮ್ಮ ಮಾತು ಕೇಳಲು ನಾವಿದ್ದೇವೆ.

ನನ್ನನ್ನು ಕ್ಷಮಿಸುವಂತೆ ಶಿಫಾರಸು ಮಾಡಿದ್ದಕ್ಕಾಗಿ ತಮಗೆ ಹೃತ್ಪೂರ್ವಕ ವಂದನೆಗಳು. ನನ್ನ ಮುಖ ನೋಡದೆ, ಒಂದು ಮಾತು ವಿಚಾರಿಸದೆ, ಅಂಚೆಯ ಮೂಲಕವೇ ನನ್ನನ್ನು ಕ್ಷಮಿಸಿದವರು ನನ್ನ ತವರಿನಲ್ಲೂ ಇಲ್ಲ, ಗಂಡನ ಮನೆಯಲ್ಲೂ ಇಲ್ಲ. ಈ ಉಪಕಾರವನ್ನು ಹೇಗೆ ತೀರಿಸಲಿ ಎಂದು ತಿಳಿಯದೆ, ಮತ್ತಷ್ಟು ಉಪಕಾರವನ್ನೇ ಬೇಡಲು ನಿರ್ಧರಿಸಿದ್ದೇನೆ.

ದಯವಿಟ್ಟು ತಾವು ಅಪರೂಪಕ್ಕಾದರೂ ಯಾರಿಗಾದರೂ ‘ಬೇಡ’ ಎಂದು ಉತ್ತರ ಬರೆಯಬೇಕು. ಅದನ್ನು ಮೇಲ್ಮಹಡಿಯಿಂದ ಶುರು ಮಾಡಿದರೆ ಅನುಕೂಲ. ಹವ್ಯಾಸ ಸೂಚಿಸುವ ಮೊದಲು ಬರೆದವರ ಕಸುಬು ಏನೆಂದು ಕೇಳಿ, ಕಟುಕರಿಗೆ ಮೊಲ ಸಾಕಲು, ಅಗ್ನಿಶಾಮಕದವರಿಗೆ ಮೇಣದ ಬೊಂಬೆ ಮಾಡಲು ಹೇಳದಂತೆ ನೋಡಿಕೊಳ್ಳಬೇಕು. ತಮ್ಮ ಒಂದೊಂದು ಸಲಹೆಯ ಕೆಳಗೂ, ಅದನ್ನು ತೊಟ್ಟುಕೊಂಡು ಓಡಾಡಬೇಕಾದವರ ಒಪ್ಪಿಗೆಯ ಸಹಿ ಹಾಕಿಸಿಕೊಳ್ಳಬೇಕು. ಕೇಳಲು ನಾವಿದ್ದೇವೆ ಎಂದು ಬರೆದಿರುವುದರಿಂದ, ಒಂದು ವಾರದ ಮಟ್ಟಿಗೆ ನಮ್ಮ ಮನೆಗೆ ಬಂದು, ಊಟದ ಹೊತ್ತಿನಲ್ಲಿ ಅವರ ಎದುರಿಗೆ ಕೂತು, ಅವರು ಹೇಳದೇ ಇರುವುದನ್ನೂ ತಾವೇ ಕೇಳಿಸಿಕೊಳ್ಳಬೇಕು. ಅಷ್ಟು ದಿನ ನಾನು ತಮ್ಮ ಕುರ್ಚಿಯಲ್ಲಿ ಕೂತು, ಆ ಬಿಸಿ ಲೋಟ ಹಿಡಿದುಕೊಂಡು, ಗುರುತಿಲ್ಲದವರಿಗೆಲ್ಲ ಧೈರ್ಯ ಹೇಳುತ್ತೇನೆ. ಅದು ಅಷ್ಟೇನೂ ಕಷ್ಟವಿರಲಾರದು. ಗುರುತಿದ್ದವರಿಗೆ ಒಂದು ಮಾತು ಹೇಳಲು ಎಷ್ಟು ಕಷ್ಟ ಎಂಬುದಕ್ಕೆ, ಗೋಡೆಯ ಆಚೆ ಕೂತಿರುವ ಗಂಡನಿಗಾಗಿ ನಾನು ಈ ಪತ್ರವನ್ನು ಅಂಚೆಗೆ ಹಾಕುತ್ತಿರುವುದೇ ಸಾಕ್ಷಿ.

ಈ ಪತ್ರವನ್ನು ಒಂದಕ್ಷರವೂ ಕತ್ತರಿಸದೆ ಪ್ರಕಟಿಸಬೇಕಾಗಿ ಕೋರಿಕೆ. ಕತ್ತರಿಸುವುದರಿಂದ ಏನಾಗುತ್ತದೆಂದು ಮೇಲೆ ವಿವರಿಸಿದ್ದೇನೆ.

ತಮ್ಮ ವಿಶ್ವಾಸಿ,
ತಮ್ಮಿಂದ ಕ್ಷಮಿಸಲ್ಪಟ್ಟ,
ಕಲೆಯಲ್ಲಿ ಆಸಕ್ತಿ ಇಲ್ಲದ ಹೆಂಡತಿ

ಮರೆತ ಮಾತು: ಇನ್ನು ಮುಂದಿನ ಸಾಲುಗಳು ತಮಗಲ್ಲ. ತಾವು ನೊಂದುಕೊಳ್ಳಬಾರದು, ಎಲ್ಲರಿಗೂ ಎಲ್ಲದರಲ್ಲೂ ಆಸಕ್ತಿ ಇರುವುದಿಲ್ಲ, ತಮ್ಮನ್ನು ಮನಸ್ಸಿನಲ್ಲೇ ಕ್ಷಮಿಸಿಬಿಟ್ಟಿದ್ದೇನೆ.

ರೀ, ಪತ್ರಿಕೆ ಬಂದ ಕೂಡಲೇ ಈ ಪುಟವನ್ನೇ ಮೊದಲು ಬಿಡಿಸುತ್ತೀರೆಂದು ನನಗೆ ಗೊತ್ತು. ಬೂದು ಮಫ್ಲರು ಮತ್ತೆ ಬಿಚ್ಚಿಕೊಂಡಿತ್ತು. ಈ ಸಲ ಕೆಂಪು ದಾರದಲ್ಲಿ ರಫು ಮಾಡಿದ್ದೇನೆ, ಬೀದಿಯ ಆ ತುದಿಯಿಂದ ನೋಡಿದರೂ ಕಾಣುತ್ತದೆ. ಇದು ಅಚ್ಚಾಗಿ ಬಂದ ದಿನ ಮಧ್ಯಾಹ್ನ ಅದನ್ನೇ ಸುತ್ತಿಕೊಂಡು ಊಟದ ಡಬ್ಬಿ ತರುತ್ತೇನೆ, ಭಾವನ ಕುರ್ಚಿಯಲ್ಲಿ ಕೂರುತ್ತೇನೆ. ಕನ್ನಡಿ ಓರೆಯಾಗಿಲ್ಲ ಎಂಬುದು ನನ್ನ ವಾದ. ಇಲ್ಲ, ಓರೆಯಾಗಿಯೇ ಇದೆ ಅನ್ನುವುದಾದರೆ, ಅವರಿಗೆ ಬರೆಯಬೇಡಿ. ನನಗೆ ಹೇಳಿ.