ಹೆಸರು ಹೇಳದೆ ಸೂಜಿ ಇಲ್ಲ

ನಮ್ಮ ದೊಡ್ಡಮ್ಮನಿಗೆ ಗಂಡನ ಗುರುತೇ ಹತ್ತುವುದಿಲ್ಲ. ನಂಬುವುದಿಲ್ಲವೇ? ಹಾಗಾದರೆ ಬೆಳಿಗ್ಗೆ ಎಂಟಕ್ಕೆ ಲಷ್ಕರ್ ಮೊಹಲ್ಲಾದ ಅವರ ಮನೆಗೆ ಬನ್ನಿ. ದೊಡ್ಡಪ್ಪನ ಬಿಪಿ ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ನಿಂತಿರುತ್ತಾರೆ.

"ನಿಮ್ಮ ಹೆಸರೇನು?"

"ಮದುವೆಯಾಗಿ ಮೂವತ್ತೈದು ವರ್ಷ ಆಯ್ತಲ್ಲೇ!"

"ನಾನಂತೂ ನಿಮ್ಮ ಹೆಸರು ಹೇಳೋ ಹಾಗಿಲ್ಲ. ನೀವೇ ಹೇಳಿ, ಕಾಫಿ ಆರೋಗುತ್ತೆ."

ದೊಡ್ಡಪ್ಪ ಹೇಳುತ್ತಾರೆ. ಆಮೇಲೇ ಮಾತ್ರೆ, ಆಮೇಲೇ ಕಾಫಿ.

ದೊಡ್ಡಮ್ಮ ಆಸ್ಪತ್ರೆಯೊಂದರ ಹೆಂಗಸರ ವಾರ್ಡಿಗೆ ಹೆಡ್ ನರ್ಸ್. ಹೊಸ ನರ್ಸುಗಳು ಮಾಡುವ ತಪ್ಪುಗಳ ಪಟ್ಟಿ ಅವರ ನಾಲಿಗೆಯ ತುದಿಯಲ್ಲೇ ಇದೆ. ಮಾತ್ರೆ ಕೊಡುವ ಮೊದಲೇ ಕೊಟ್ಟಾಯಿತೆಂದು ಬರೆಯುವುದು, ಗೊತ್ತಿಲ್ಲದಿದ್ದರೂ ಗೊತ್ತಿರುವಂತೆ ತಲೆಯಾಡಿಸುವುದು. ಎಲ್ಲಕ್ಕಿಂತ ದೊಡ್ಡ ತಪ್ಪು, ರೋಗಿಯ ಹೆಸರನ್ನು ನಾವೇ ಹೇಳಿಬಿಡುವುದು. "ನಮ್ಮ ಜನ ಮರ್ಯಾದೆಗೆ ಎಲ್ಲಕ್ಕೂ ಹೂಂ ಅಂತಾರೆ ಕಣೇ. ಅವರ ಬಾಯಲ್ಲೇ ಹೇಳಿಸು" ಅನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು. ಅದೇ ವಾರ್ಡಿಗೆ ಹೊಸದಾಗಿ ಸೇರಿದ ನಾನೂ ನಕ್ಕೆ. ಹದಿನೈದು ದಿನ ನಕ್ಕೆ.

ಹದಿನಾರನೆಯ ದಿನ ವಾರ್ಡಿನಲ್ಲಿ ಇಬ್ಬರು ಮಹದೇವಮ್ಮಂದಿರು. ಇನ್ಸುಲಿನ್ ಕೊಡಬೇಕಾದದ್ದು ಸಿದ್ದಯ್ಯನ ಹೆಂಡತಿಗೆ. ಫ್ಯಾನಿನ ಗಾಳಿಗಾಗಿ ಇಬ್ಬರೂ ತಾವೇ ಮಂಚ ಬದಲಾಯಿಸಿಕೊಂಡದ್ದು ನನಗೇನು ಗೊತ್ತು? ಸಿರಿಂಜ್ ಹಿಡಿದು, "ಸಿದ್ದಯ್ಯನವರ ಮನೆಯವರು ತಾನೇ?" ಅಂದೆ. "ಹೂಂ ಕಣವ್ವ" ಅಂದಿತು ಅಜ್ಜಿ. ಅಷ್ಟರಲ್ಲಿ ದೊಡ್ಡಮ್ಮ ಹಿಂದಿನಿಂದ ಬಂದು ನನ್ನ ಕೈ ಹಿಡಿದರು.

"ಯಜಮಾನ್ರ ಹೆಸರೇನವ್ವಾ?"

ಅಜ್ಜಿ ಸೆರಗನ್ನು ಬಾಯಿಗೆ ಅಡ್ಡ ಹಿಡಿಯಿತು. "ಅವ್ರ ಎಸ್ರ ನಾ ಎಂಗೆ ಯೋಳ್ಲಿ?"

ರೌಂಡ್ಸಿಗೆ ಬಂದಿದ್ದ ಡಾಕ್ಟರು ಗಡಿಯಾರ ನೋಡಿಕೊಂಡರು. ದೊಡ್ಡಮ್ಮ ಅಲುಗಲಿಲ್ಲ. ಕೊನೆಗೆ ಅಜ್ಜಿ ನಾಚಿಕೊಂಡು, "ಸೊಂಡ್ಲಿರೋ ದೇವ್ರ ಎಸ್ರು ಕಣವ್ವ" ಅಂದಿತು.

ಸಿದ್ದಯ್ಯನಿಗೆ ಎಲ್ಲಿಯ ಸೊಂಡಿಲು? ಸಕ್ಕರೆ ಕಾಯಿಲೆಯೇ ಇಲ್ಲದ ಮುದುಕಿಗೆ ನಾನು ಇನ್ಸುಲಿನ್ ಚುಚ್ಚುವವಳಿದ್ದೆ. ಸಿರಿಂಜನ್ನು ಟ್ರೇಯಲ್ಲಿಟ್ಟುಬಿಟ್ಟೆ.

"ಈ ಹುಡುಗೀನ ಇವತ್ತೇ ಮನೆಗೆ ಕಳಿಸಿ" ಅಂದರು ಡಾಕ್ಟರು.

"ಕಳಿಸಲ್ಲ ಡಾಕ್ಟ್ರೇ. ಇವಳ ಜಾಗಕ್ಕೆ ನಾಳೆ ಬರೋಳು ಇದೇ ತಪ್ಪು ಮಾಡ್ತಾಳೆ. ಇವಳು ಇನ್ನು ಮಾಡಲ್ಲ. ಬೇಕಾದ್ರೆ ನನ್ನನ್ನೇ ಕಳಿಸಿ."

ಯಾರನ್ನೂ ಕಳಿಸಲಿಲ್ಲ. ಅಂದಿನಿಂದ ನಾನೂ ಕೇಳುತ್ತೇನೆ, ಒಬ್ಬರನ್ನೇ ದಿನಕ್ಕೆ ಮೂರು ಸಲ ಬೇಕಾದರೂ ಕೇಳುತ್ತೇನೆ. ಹುಚ್ಚು ಅನ್ನುವವರು ಅನ್ನಲಿ, ನನಗೇನೂ ನಾಚಿಕೆಯಿಲ್ಲ.

ಹೋದ ತಿಂಗಳು ದೊಡ್ಡಮ್ಮನಿಗೇ ಪಿತ್ತಕೋಶದ ಆಪರೇಷನ್ ಆಗಿ, ಅದೇ ವಾರ್ಡಿನಲ್ಲಿ ಮಲಗಿದ್ದರು. ಸಿರಿಂಜ್ ಹಿಡಿದು ಹೋದೆ. "ನಿಮ್ಮ ಹೆಸರೇನು?" ಅಂದೆ. ವಾರ್ಡಿಗೆ ವಾರ್ಡೇ ನಕ್ಕಿತು. ದೊಡ್ಡಮ್ಮ ನಗಲಿಲ್ಲ, ಹೇಳಿದರು.

"ಯಜಮಾನ್ರ ಹೆಸರು?"

ಸೊಂಡಿಲು ಗಿಂಡಿಲು ಏನೂ ಇಲ್ಲದೆ, ಸ್ಟೂಲಿನ ಮೇಲೆ ಕೂತಿದ್ದ ದೊಡ್ಡಪ್ಪನ ಮುಖವನ್ನೇ ನೋಡುತ್ತ, ಮೂವತ್ತೈದು ವರ್ಷದಲ್ಲಿ ಮೊದಲ ಸಲ ಅವರ ಹೆಸರನ್ನು ಸ್ಪಷ್ಟವಾಗಿ ಹೇಳಿದರು. ದೊಡ್ಡಪ್ಪ ಕನ್ನಡಕ ತೆಗೆದು ಒರೆಸತೊಡಗಿದರು. ನನಗೂ ಸಿರಿಂಜಿನ ಗೆರೆಗಳು ಮಂಜಾದವು.

"ಮೊದಲು ಕಣ್ಣೊರೆಸ್ಕೊಂಡು ಆಮೇಲೆ ಚುಚ್ಚೇ" ಎಂದು ದೊಡ್ಡಮ್ಮ ತೋಳು ಚಾಚಿದರು.