ಕಾಫಿ ಕಣದಲ್ಲಿ ಶಾರ್ಟ್‌ಸ್ಟಾಪ್

ನಿಮ್ಮ ಚಿಕ್ಕಜ್ಜ ಜೀವಮಾನದಲ್ಲಿ ಒಂದು ಚೆಂಡನ್ನೂ ಹಿಡಿದವರಲ್ಲ. ಅವರತ್ತ ಒಂದು ಕಿತ್ತಳೆ ಎಸೆದು ನೋಡಿ. ಅದು ಎದೆಗೆ ಬಡಿದು, ನೆಲಕ್ಕೆ ಬಿದ್ದು, ಮಂಚದಡಿಗೆ ಉರುಳಿದ ಮೇಲೆ ಅವರ ಕೈ ಮುಂದೆ ಬರುತ್ತದೆ. ಅಂಥವರು ನಮ್ಮೂರ ಹೈಸ್ಕೂಲಿನ ಹೆಣ್ಣುಮಕ್ಕಳಿಗೆ ಸಾಫ್ಟ್‌ಬಾಲ್ ಕಲಿಸಿದರು ಎಂದರೆ ನಂಬುತ್ತೀರಾ? ನಂಬದಿದ್ದರೆ ನಿಮ್ಮ ತಪ್ಪಲ್ಲ. ಮೊರ ಹಿಡಿದುಕೊಂಡು ಒಂದನೇ ಬೇಸಿನಲ್ಲಿ ನಿಂತಿದ್ದ ನನಗೇ ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ!

ಮೊದಲು ಅವರ ಕಾಯಿಲೆಯ ವಿಷಯ ಹೇಳಬೇಕು. ಯಾರಾದರೂ ತಪ್ಪು ಜಾಗದಲ್ಲಿ ನಿಂತದ್ದನ್ನು ಕಂಡರೆ ನನ್ನ ಈ ಮೈದುನನಿಗೆ ಅನ್ನ ಸೇರುವುದಿಲ್ಲ. ಮೂವತ್ತು ವರ್ಷ ಎಸ್ಟೇಟಿನಲ್ಲಿ ರೈಟರಾಗಿದ್ದವರು. ಎಸ್ಟೇಟಿನ ರೈಟರೆಂದರೆ ಕಥೆ ಬರೆಯುವವರಲ್ಲ. ಬೆಳಿಗ್ಗೆ ಹಾಜರಿ ಹಾಕಿ, ಯಾರು ಯಾವ ಸಾಲಿನ ಕಾಫಿ ಕೊಯ್ಯಬೇಕೆಂದು ನಿಲ್ಲಿಸಿ, ಸಂಜೆ ತೂಕ ನೋಡುವವರು. ಕೆಲಸದಿಂದ ನಿವೃತ್ತಿಯಾಯಿತು, ನಿಲ್ಲಿಸುವ ಚಟಕ್ಕೆ ಆಗಲಿಲ್ಲ. ಯಾರದೋ ಮದುವೆಯ ಊಟದಲ್ಲಿ ಸಾರು ಬಡಿಸುವವನನ್ನು ಕಂಬದ ಹತ್ತಿರ, ಪಲ್ಯದವನನ್ನು ಅವನ ಎಡಕ್ಕೆ, ಪಾಯಸದವನನ್ನು ಮೂರೆಲೆ ಹಿಂದೆ ನಿಲ್ಲಿಸಿದರು. ಇವರನ್ನು ಅಡುಗೆಯ ಕಡೆಯವರೆಂದುಕೊಂಡು ಹೆಣ್ಣಿನ ಅಪ್ಪ ಬಂದು ಹೋಳಿಗೆ ಯಾವಾಗ ಬರುತ್ತದೆ ಎಂದು ಕೇಳಿದರು. ಹೆಣ್ಣಿನ ಕಡೆಯವರೆಂದುಕೊಂಡು ಅಡುಗೆ ಭಟ್ಟರು ಬಂದು ಹೋಳಿಗೆ ಈಗಲೇ ಬಿಡಲೇ ಎಂದು ಕೇಳಿದರು. ಇವರು ಇಬ್ಬರಿಗೂ ಉತ್ತರ ಕೊಟ್ಟರು!

ನನ್ನ ಅಡುಗೆಮನೆಗೂ ಬಂದು ಒಂದು ದಿನ ಅರ್ಧ ಗಂಟೆ ನಿಂತು ನೋಡಿದರು.

"ಅತ್ತಿಗೆ, ಆ ಸೌಟು ಬಲಗಡೆ ನೇತು ಹಾಕಿದ್ರೆ ನಿಮಗೆ ಎರಡು ಹೆಜ್ಜೆ ಉಳೀತದೆ."

"ಉಳಿದ ಹೆಜ್ಜೆ ತಗೊಂಡು ನಾನೇನು ಮಾಡ್ಲಿ ಮಾರಾಯ್ರೆ?"

ಸೌಟು ಮಾತ್ರ ಮರುದಿನ ಬಲಗಡೆ ಇತ್ತು.

ಹೀಗಿರುವಾಗ ಸಾಫ್ಟ್‌ಬಾಲ್ ಮನೆ ಬಾಗಿಲಿಗೇ ಬಂತು. ನಮ್ಮ ಹೈಸ್ಕೂಲಿನ ಮೈದಾನ ಗೊತ್ತಲ್ಲ, ಚೆಂಡು ಕೈತಪ್ಪಿದರೆ ಹಳ್ಳದಲ್ಲಿ ಹುಡುಕಬೇಕು. ಸುತ್ತಮುತ್ತ ಸಮತಟ್ಟಾಗಿರುವುದು ನಮ್ಮ ಕಾಫಿ ಒಣಗಿಸುವ ಕಣ ಒಂದೇ. ಕೊಯ್ಲಿಗೆ ಇನ್ನೂ ತಿಂಗಳುಗಳಿದ್ದುದರಿಂದ ಕಣ ಖಾಲಿಯಿತ್ತು. ಪಿಟಿ ಮೇಡಂ ಬಂದು ಕೇಳಿದರು, ಕೊಟ್ಟೆವು. ಪಾಪ, ಆ ಮೇಡಮ್ಮಿಗೆ ಮೂರು ಶಾಲೆ. ನಮ್ಮ ಪಾಲಿಗೆ ಮಂಗಳವಾರ ಮಾತ್ರ, ಉಳಿದ ದಿನ ಮಕ್ಕಳು ತಾವೇ ಆಡಿಕೊಳ್ಳುತ್ತಿದ್ದರು. ಮೂರು ಶಾಲೆಗೂ ಸೇರಿ ಬ್ಯಾಟು, ಕೈಗವಸುಗಳ ಚೀಲವೂ ಒಂದೇ. ಮೂರರಲ್ಲಿ ಯಾವ ಶಾಲೆ ತಾಲ್ಲೂಕು ಪಂದ್ಯದಲ್ಲಿ ಒಂದಾದರೂ ಆಟ ಗೆಲ್ಲುತ್ತದೋ ಚೀಲ ಅವರಿಗೇ ಉಳಿಯುತ್ತದೆ ಎಂದು ಆ ವರ್ಷ ತೀರ್ಮಾನವಾಗಿತ್ತು. ನಮ್ಮ ಮಕ್ಕಳು ಒಂದು ಆಟವನ್ನೂ ಗೆದ್ದವರಲ್ಲ. ಗೆಲ್ಲದಿದ್ದರೆ ಚೀಲ ಹೋಯಿತು, ಚೀಲ ಹೋದರೆ ಆಟವೇ ಹೋಯಿತು. ಮೂರನೇ ಬೇಸಿನ ಸವಿತ ತನ್ನ ಕೈಗವಸಿಗೆ ವಾರಕ್ಕೊಮ್ಮೆ ಕೊಬ್ಬರಿ ಎಣ್ಣೆ ಸವರುತ್ತಿದ್ದಳು. ಅವಳ ತಲೆ ಅಷ್ಟು ಎಣ್ಣೆ ಕಂಡದ್ದಿಲ್ಲ.

ಚಿಕ್ಕಜ್ಜ ಎರಡು ದಿನ ಜಗಲಿಯಲ್ಲಿ ಕುರ್ಚಿ ಹಾಕಿ ಸುಮ್ಮನೆ ನೋಡಿದರು. ಮೂರನೇ ದಿನ ಎದ್ದು ಕಣಕ್ಕೆ ಇಳಿದರು. ಒಂಬತ್ತು ಹುಡುಗಿಯರು ತಪ್ಪು ಜಾಗದಲ್ಲಿ ನಿಂತಿರುವಾಗ ಅವರಾದರೂ ಎಷ್ಟೆಂದು ತಡೆದುಕೊಂಡಾರು?

ಆಟ ಇಷ್ಟೇ. ಒಬ್ಬಳು ಕೈ ಕೆಳಗಿನಿಂದ ಬೀಸಿ ಚೆಂಡು ಬಿಡುತ್ತಾಳೆ, ಗುಂಡಿನ ಹಾಗೆ ಬರುತ್ತದೆ. ಎದುರಿನವಳು ಹೊಡೆದು ಒಂದನೇ ಬೇಸಿಗೆ, ಅಂದರೆ ಮುಟ್ಟಬೇಕಾದ ಮೊದಲ ಗುರುತಿಗೆ, ಓಡುತ್ತಾಳೆ. ಅವಳು ಮುಟ್ಟುವ ಮೊದಲು ಚೆಂಡು ಅಲ್ಲಿಗೆ ಸೇರಿದರೆ ಅವಳು ಔಟ್. ಮೂರೂ ಬೇಸು ಸುತ್ತಿ ಹೊಡೆದ ಜಾಗಕ್ಕೆ ಮರಳಿದರೆ ಒಂದು ಓಟ. ಒಳಗಿನ ಅಂಗಳ ಕಾಯಲು ಮೂರು ಬೇಸಿಗೆ ಮೂವರು, ಎರಡು ಮತ್ತು ಮೂರನೆಯದರ ನಡುವೆ ಶಾರ್ಟ್‌ಸ್ಟಾಪ್ ಎಂದು ಒಬ್ಬಳು. ದೂರ ಕಾಯುವ ಮೂವರಿಗೆ ನಮ್ಮ ಕಣದಲ್ಲಿ ಜಾಗ ಸಾಲದೆ ಅವರು ಕಾಫಿ ಗಿಡಗಳ ಮಧ್ಯೆ ನಿಲ್ಲುತ್ತಿದ್ದರು. ಇದ್ದಾರೋ ಮನೆಗೆ ಹೋದರೋ ಎಂದು ಆಗಾಗ ಕೂಗಿ ಕೇಳಬೇಕಾಗುತ್ತಿತ್ತು.

ಸವಿತ ಬೇಸಿಗೆ ಅಂಟಿಕೊಂಡೇ ನಿಲ್ಲುತ್ತಿದ್ದಳು. ಬ್ಯಾಟು ಬೀಸದೆ ಸುಮ್ಮನೆ ಮುಟ್ಟಿಸಿ, ಚೆಂಡನ್ನು ಹತ್ತಿರದಲ್ಲೇ ಉರುಳಿಸಿ ಓಡುವ ಒಂದು ಕಳ್ಳ ಉಪಾಯವಿದೆ, ಅದಕ್ಕೆ ಬಂಟ್ ಎನ್ನುತ್ತಾರಂತೆ. ಅದಕ್ಕಾಗಿ ಬೇಸು ಬಿಟ್ಟು ಮುಂದೆ ಬಂದು ನಿಲ್ಲಬೇಕೆಂದು ಮೇಡಂ ಎಷ್ಟು ಹೇಳಿದರೂ ಅವಳ ಕಾಲು ಏಳದು. ಚಿಕ್ಕಜ್ಜ ಹೇಳಿದ್ದು ಒಂದೇ ಮಾತು: "ಮಂಗ ಕಾಯೋಕೆ ಕಿತ್ತಳೆ ಮರದ ಬುಡದಲ್ಲಿ ನಿಲ್ತೀಯೇನೇ? ಮಂಗ ಬರೋ ದಾರೀಲಿ ನಿಂತ್ಕೋ." ಸವಿತ ಅಲ್ಲಿಂದಲೇ ಐದು ಹೆಜ್ಜೆ ಮುಂದೆ ಬಂದಳು. ಮೇಡಂ ಆ ವಾರವೇ ಉಳಿದ ಎರಡು ಶಾಲೆಗಳಲ್ಲೂ ಮಂಗನ ಪಾಠವನ್ನೇ ಮಾಡಿದರೆಂದು ಕೇಳಿದೆ.

ಆಮೇಲೆ ನನ್ನ ಊಟದ ಮೇಜು ಹೋಯಿತು. ಅವರು ಅದರ ಮೇಲೆ ಕಾಫಿ ಬೀಜಗಳನ್ನು ಬೆರಳಲ್ಲಿ ತಡವಿ ಇಟ್ಟು ಹುಡುಗಿಯರ ಜಾಗ ಲೆಕ್ಕ ಹಾಕುತ್ತಿದ್ದರು. ಹೀಗೆ ಹೊಡೆದರೆ ಇವಳು ಅಲ್ಲಿಗೆ, ಅವಳು ಬೇಸು ಬಿಟ್ಟರೆ ಇವಳು ಆ ಬೇಸಿಗೆ. ನನಗೇನು ಗೊತ್ತು? ಬೆಳಿಗ್ಗೆ ಎದ್ದವಳೇ ಒದ್ದೆ ಬಟ್ಟೆಯಲ್ಲಿ ಇಡೀ ತಂಡವನ್ನು ಒರೆಸಿ ಹಿತ್ತಿಲಿಗೆ ಎಸೆದೆ. ಅವರು ಬೈಯಲಿಲ್ಲ. ಹಿತ್ತಿಲಿನಲ್ಲಿ ಬಗ್ಗಿ ಕೈಯಾಡಿಸಿ ಶಾರ್ಟ್‌ಸ್ಟಾಪನ್ನು ಹುಡುಕುತ್ತಿದ್ದರು.

ಅಭ್ಯಾಸದಲ್ಲಿ ಒಬ್ಬಳು ಬ್ಯಾಟು ಹಿಡಿದರೆ ಒಂದು ಜಾಗ ಖಾಲಿ ಬೀಳುತ್ತಿತ್ತಲ್ಲ, ಆ ಜಾಗಕ್ಕೆ ನನ್ನನ್ನು ಕರೆದರು. ನಾಲ್ಕು ಜನರ ಮುಂದೆ ನಿಂತು ಗೊತ್ತಿಲ್ಲದ ನಾನು ಬಾಗಿಲ ಹಿಂದೆ ಹೋದೆ. ಬಾಗಿಲ ಹಿಂದೆ ನಿಂತರೆ ಚೆಂಡು ಬರುವುದಿಲ್ಲ ಎಂದು ಅಲ್ಲಿಗೂ ಬಂದು ತಿದ್ದಿದರು! ಕೈಗವಸು ನನ್ನ ಬೆರಳಿಗೆ ಒಗ್ಗಲಿಲ್ಲ, ಮೊರ ಹಿಡಿದೆ. ಐವತ್ತು ವರ್ಷ ಅಕ್ಕಿ ಕೇರಿದವಳ ಮೊರ ತಪ್ಪಿಸಿ ಚೆಂಡು ಎಲ್ಲಿಗೆ ಹೋದೀತು?

ಇಷ್ಟಾದರೂ ಒಂದು ತೊಡಕು ಉಳಿಯಿತು. ಚೆಂಡು ಸವಿತಳಿಗೂ ಶಾರ್ಟ್‌ಸ್ಟಾಪಿನ ಪೂರ್ಣಿಗೂ ನಡುವೆ ಬಂದರೆ ಇಬ್ಬರೂ ನುಗ್ಗಿ ತಲೆಗೆ ತಲೆ ಡಿಕ್ಕಿ. ಚಿಕ್ಕಜ್ಜ ಒಂದು ಡಬ್ಬಿ ಸುಣ್ಣ ತಂದು, ಕಾಫಿ ಕೊಯ್ಲಿನ ಹಾಗೆ, ಕಣದಲ್ಲಿ ನಾಲ್ಕು ಸಾಲು ಎಳೆದರು. ಇದು ನಿನ್ನ ಸಾಲು, ಇದು ಅವಳ ಸಾಲು. ಕೊಯ್ಲಿನಲ್ಲಿ ಪಕ್ಕದವಳ ಸಾಲಿಗೆ ಕೈ ಹಾಕುವುದೆಂದರೆ ಜಗಳಕ್ಕೆ ಕರೆದ ಹಾಗೆ. ಭಾನುವಾರಗಳಲ್ಲಿ ಅಮ್ಮಂದಿರ ಜೊತೆ ಕೊಯ್ದು ಬೆಳೆದ ಮಕ್ಕಳಿಗೆ ಅದನ್ನು ಬಿಡಿಸಿ ಹೇಳಬೇಕೇ? ಡಿಕ್ಕಿ ಅಂದೇ ನಿಂತಿತು. ಚಿಕ್ಕಜ್ಜ ಒಂದು ವಾರ ಮೀಸೆ ತಿರುವಿದರು.

ಎಂಟನೇ ದಿನ ಪಕ್ಕದ ಊರಿನ ಶಾಲೆಯವರು ಆಡಲು ಬಂದರು. ಅವರು ಹೊಡೆದ ಚೆಂಡು ಸುಣ್ಣದ ಗೆರೆಯ ಮೇಲೇ ನೆಟ್ಟಗೆ ಉರುಳಿಕೊಂಡು ಬಂತು. ಸವಿತ ನೋಡಿದಳು. ಪೂರ್ಣಿ ನೋಡಿದಳು.

"ನಿನ್ನ ಸಾಲು ಕಣೆ."

"ಅಲ್ಲ, ನಿಂದು. ನೀನೇ ತಗೋ."

ನೆಂಟರ ಮನೆಯಲ್ಲಿ ಕಡೇ ಹೋಳಿಗೆಗೆ ಉಪಚಾರ ಮಾಡಿಕೊಂಡ ಹಾಗೆ ಇಬ್ಬರೂ ಚೆಂಡಿಗೆ ದಾರಿ ಬಿಟ್ಟು ನಿಂತರು. ಅದು ನಡುವೆ ಹಾದು ಕಾಫಿ ಗಿಡದೊಳಗೆ ಹೋಯಿತು. ಎದುರಿನ ಮೂವರು ಓಡಿ ಹೊಡೆದ ಜಾಗ ಮುಟ್ಟಿದರು. ನಮ್ಮವರು ಸೋತರು.

ತಾಲ್ಲೂಕು ಪಂದ್ಯಕ್ಕೆ ಹತ್ತು ದಿನ ಉಳಿದಿತ್ತು. ಸವಿತ ಕೈಗವಸು ಒರೆಸಿ ಚೀಲಕ್ಕೆ ಹಾಕುವಾಗ ಅದು ಆಗಲೇ ಬೇರೆಯವರದ್ದೆಂಬಂತೆ ಮೆಲ್ಲಗೆ ಇಟ್ಟಳು. ಚಿಕ್ಕಜ್ಜ ಅಂದು ಊಟದ ಮೇಜಿನಲ್ಲಿ ಬೀಜ ಇಡಲಿಲ್ಲ. ಹುಡುಗಿಯರಿಬ್ಬರೂ ನಿಂತೇ ಬಿಟ್ಟರು, ಹಾಗೆ ನಿಲ್ಲಿಸಿದ್ದು ತಾವೇ, ಎಂದು ಎರಡು ಸಲ ಹೇಳಿದರು.

ನನಗೆ ಹೇಳಬಾರದೆನಿಸಿತು, ಆದರೂ ಮಜ್ಜಿಗೆ ಬಡಿಸುತ್ತಾ ಹೇಳಿದೆ. ಕೊಯ್ಲು ಮುಗಿದ ಮೇಲೆ ಉದುರಿದ ಕಾಫಿ ಹೆಕ್ಕುವ ದಿನ ಸಾಲು ಇರುವುದಿಲ್ಲವಲ್ಲ, ಕಂಡವಳು ಬಗ್ಗಿ ಹೆಕ್ಕುತ್ತಾಳೆ, ಯಾರೂ ಜಗಳವಾಡುವುದಿಲ್ಲ. ನೆಲದ ಮೇಲೆ ಉರುಳುವ ಚೆಂಡು ಕೊಯ್ಯುವ ಕಾಫಿಯೋ, ಹೆಕ್ಕುವ ಕಾಫಿಯೋ?

ಅವರು ನನ್ನನ್ನೇ ನೋಡಿದರು. ಮಜ್ಜಿಗೆ ಹಾಗೇ ಉಳಿಯಿತು.

ಬೆಳಿಗ್ಗೆ ನೋಡಿದರೆ, ಮೂವತ್ತು ವರ್ಷ ಸಾಲು ತಪ್ಪಿದವರನ್ನು ಗದರಿದ ಮನುಷ್ಯ ಮಂಡಿಯೂರಿ ತೆಂಗಿನ ಪೊರಕೆಯಲ್ಲಿ ಸುಣ್ಣ ಉಜ್ಜುತ್ತಿದ್ದರು. ಮಕ್ಕಳು ಬಂದಾಗ ಹೊಸ ಕಟ್ಟಳೆ ಹೇಳಿದರು. ಚೆಂಡು ಹೆಕ್ಕುವವಳು "ನಂದು" ಎಂದು ಕೂಗಬೇಕು. ಮತ್ತೊಬ್ಬಳು ಕೂಡಲೇ ಅವಳ ಬೆನ್ನ ಹಿಂದೆ ಹೋಗಬೇಕು, ತಪ್ಪಿದರೆ ಹಿಡಿಯಲು.

ಸುಲಭ ಎನಿಸುತ್ತದೆಯೇ? ಆ ಮಕ್ಕಳ ಬಾಯಲ್ಲಿ ಆ ಮಾತು ಹೊರಡಿಸಲು ಒಂಬತ್ತು ದಿನ ಬೇಕಾಯಿತು. ಹುಟ್ಟಿದಾಗಿನಿಂದ ತಮ್ಮನಿಗಿರಲಿ, ಅಪ್ಪನಿಗಿರಲಿ, ನೆಂಟರಿಗಿರಲಿ ಎಂದು ಕೇಳಿ ಬೆಳೆದವರು. ಸವಿತಳ "ನಂದು" ಅವಳ ಸ್ವಂತ ಕಿವಿಗೂ ಕೇಳುತ್ತಿರಲಿಲ್ಲ. ನಾನೂ ಮೊರದ ಹಿಂದೆ ಬಾಯಿ ಮುಚ್ಚಿಕೊಂಡೇ ಇದ್ದೆ.

ಮೂಡಿಗೆರೆಯ ಪಂದ್ಯಕ್ಕೆ ನಾನೂ ಹೋದೆ. ಕಡೆಯ ಸುತ್ತು. ನಮ್ಮವರು ಒಂದು ಓಟ ಮುಂದಿದ್ದರು. ಎದುರಿನವರಲ್ಲಿ ಇಬ್ಬರು ಔಟಾಗಿ ಒಬ್ಬಳು ಮೂರನೇ ಬೇಸಿನಲ್ಲಿ ಹಾರಲು ಕಾದಿದ್ದಳು. ಇನ್ನೊಬ್ಬಳು ಔಟಾದರೆ ಚೀಲ ನಮ್ಮದು. ಚಿಕ್ಕಜ್ಜ ಹಗ್ಗದಾಚೆ ನನ್ನ ಪಕ್ಕದಲ್ಲಿ ಕೊಡೆ ಊರಿಕೊಂಡು ನಿಂತಿದ್ದರು. ಎದುರಿನವಳು ಹೊಡೆದಳು. ಚೆಂಡು ಹುಡುಕಿಕೊಂಡು ಬಂದ ಹಾಗೆ ಸವಿತ, ಪೂರ್ಣಿಯರ ನಡುವೆಯೇ ಬಂತು.

"ನಂದು!"

ಸಂತೆಗೇ ಕೇಳಿಸಿರಬೇಕು. ಚೆಂಡು ಹೆಕ್ಕಿ ಒಂದನೇ ಬೇಸಿಗೆ ಎಸೆದದ್ದಾಯಿತು, ಔಟ್ ಎಂದದ್ದಾಯಿತು, ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದದ್ದಾಯಿತು. ಮಧ್ಯಾಹ್ನದ ಎರಡನೇ ಆಟದಲ್ಲಿ ಹನ್ನೊಂದು ಓಟದಿಂದ ಸೋತರು. ಅದರ ಚಿಂತೆ ಯಾರಿಗಿತ್ತು? ಬಸ್ಸಿನಲ್ಲಿ ಚೀಲಕ್ಕೂ ಒಂದು ಸೀಟು ಕೊಟ್ಟು ಹಾಡುತ್ತಾ ಹೊರಟರು.

ಚಿಕ್ಕಜ್ಜ ಕಿಟಕಿಯ ಪಕ್ಕದಲ್ಲಿ ಕೂತಿದ್ದರು. ಮೂಡಿಗೆರೆ ದಾಟಿದ ಮೇಲೆ ನನ್ನ ಕಡೆ ಬಾಗಿ ಕೇಳಿದರು.

"ಅತ್ತಿಗೆ, ಕಡೇ ಚೆಂಡು ಹೆಕ್ಕಿದ್ದು ಯಾರು?"

"ಅಯ್ಯೋ, ನೀವು ಅಲ್ಲೇ ಇದ್ರಲ್ಲ."

"ಇದ್ದೆ. ಚೆಂಡು ನಂಗೆ ಕಾಣೋದಿಲ್ಲ. ಎರಡು ವರ್ಷ ಆಯ್ತು, ಸಣ್ಣದು ಯಾವುದೂ ಕಾಣೋದಿಲ್ಲ. ಮಕ್ಕಳು ಎಲ್ಲಿ ನಿಂತಿದ್ದಾರೆ ಅಂತ ಮಾತ್ರ ಕಾಣ್ತದೆ."

ಆ ಹಾಡಿನ ಗದ್ದಲದಲ್ಲಿ ಅವರಿಗೆ ಕೇಳಿಸಬೇಕಲ್ಲ ಎಂದು ಗಟ್ಟಿಯಾಗಿ ಶುರು ಮಾಡಿದೆ. ಚೆಂಡು ಎಲ್ಲಿ ನೆಲ ಮುಟ್ಟಿತು, ಸವಿತ ಹೇಗೆ ಎಡಕ್ಕೆ ಬಗ್ಗಿದಳು, ಮಣ್ಣು ಹೇಗೆ ಹಾರಿತು.

"ಪೂರ್ಣಿ ಎಲ್ಲಿದ್ಲು?"

"ಅವಳ ಬೆನ್ನ ಹಿಂದೆ. ಎರಡು ಹೆಜ್ಜೆ."

"ಸರಿಯಾದ ಜಾಗ," ಎಂದು ಕಣ್ಣು ಮುಚ್ಚಿಕೊಂಡರು. ಅಷ್ಟರಲ್ಲಿ ಮಕ್ಕಳ ಹಾಡು ನಿಂತಿತ್ತು. ಇಡೀ ಬಸ್ಸು ನನ್ನ ಮಾತನ್ನೇ ಕೇಳುತ್ತಿತ್ತು.

"ಇನ್ನೊಂದ್ಸಲ ಹೇಳಿ ಅತ್ತಿಗೆ. ಚೆಂಡು ಕೈ ಬಿಟ್ಟಲ್ಲಿಂದ."

ಬಣಕಲ್ಲಿನಿಂದ ಕೊಟ್ಟಿಗೆಹಾರದವರೆಗೆ ಆ ಒಂದೇ ಚೆಂಡನ್ನು ನಾನು ಮೂರು ಸಲ ಉರುಳಿಸಿದೆ.