ಸೊಸೆಯ ರೈಲಿಗೆ ಅತ್ತೆಯ ಹಲಗೆ

ಸೊಟ್ಟಗಾದ ಮರವನ್ನು ನೆಟ್ಟಗೆ ಮಾಡುವ ವಿದ್ಯೆ ನಮ್ಮ ಶೆಟ್ಟಿಕೆರೆ ಸೀಮೆಯಲ್ಲಿ ಯಾರಿಗಾದರೂ ಗೊತ್ತಿದ್ದರೆ ಅದು ನನಗೆ. ಇದು ಜಂಬವಲ್ಲ. (ಜಂಬವೇ ಅಂದುಕೊಂಡರೂ ನನಗೇನೂ ನಷ್ಟವಿಲ್ಲ.) ನಾನು ಮದುವೆಯಾಗಿ ಬಂದ ವರ್ಷ ಮಳೆನೀರು ನುಗ್ಗಿ ನಮ್ಮತ್ತೆಯ ಹಲಸಿನ ಮಣೆಗಳೆಲ್ಲ ತೊಟ್ಟಿಲಿನ ಹಾಗೆ ಬಾಗಿದ್ದವು. ಉಣ್ಣಲು ಕೂತವರು ಮಜ್ಜಿಗೆ ಬರುವ ತನಕ ತೂಗುತ್ತಿದ್ದರು. ನಾನು ಮಣೆಗೆ ನೀರು ಚಿಮುಕಿಸಿ, ನೆಲದ ಮೇಲೆ ಬೋರಲು ಹಾಕಿ, ರಾಗಿ ಮೂಟೆ ಹೇರಿಸಿದೆ. ಮೂಟೆ ಇಳಿಸಿದಾಗ ಮಣೆಗಳು ಸ್ಲೇಟಿನಂತೆ ಚಪ್ಪಟೆ. ನಮ್ಮತ್ತೆ "ಪರವಾಗಿಲ್ಲ" ಅಂದರು. ನಮ್ಮ ಯಜಮಾನರು ತೀರಿಕೊಳ್ಳುವ ತನಕ ಬಂದವರಿಗೆಲ್ಲ ಈ ಕಥೆ ಹೇಳುತ್ತಿದ್ದರು. ಈಗ ನಾನೇ ಹೇಳಿಕೊಳ್ಳಬೇಕಾಗಿದೆ.

ಹೀಗಿರುವಾಗ ಸೊಸೆ ರಾಧಾಮಣಿಯ ಹಲಗೆ ಸೊಟ್ಟಗಾಯಿತು.

ರಾಧಾಮಣಿ ಬೆಳೆದದ್ದು ಅಮ್ಮಸಂದ್ರದ ರೈಲ್ವೆ ಕ್ವಾರ್ಟರ್ಸಿನಲ್ಲಿ. ಈಗ ತಿಪಟೂರಿನ ಹೈಸ್ಕೂಲಿನಲ್ಲಿ ಮೇಡಂ. ಬೇರೆಯವರ ಸೊಸೆಯರು ಬಿಡುವಿದ್ದಾಗ ಮೊಬೈಲು ನೋಡಿದರೆ ನಮ್ಮವಳು ನಡುಮನೆಯಲ್ಲಿ ರೈಲು ಕಟ್ಟುತ್ತಾಳೆ. ಬೆರಳುದ್ದದ ಬೋಗಿ, ಬೆಂಕಿಪೊಟ್ಟಣದಷ್ಟು ಸ್ಟೇಷನ್ನು, ಅವರೆಕಾಳಿನಷ್ಟು ಜನ. ಎರಡು ಪ್ಲೈವುಡ್ ಹಲಗೆ ಜೋಡಿಸಿ ಅದರ ಮೇಲೆ ಹಳಿ ಹಾಸುವುದು. ಭಾನುವಾರ ತುಮಕೂರಿನಿಂದ ಇದೇ ಹುಚ್ಚಿನ ಗುಂಪಿನವರು ಬರುವವರಿದ್ದರು. ಅವರು ಮೆಚ್ಚಿದರೆ ಅಲ್ಲಿಯ ಪ್ರದರ್ಶನದಲ್ಲಿ ಇವಳ ರೈಲಿಗೂ ಜಾಗ. ಆದರೆ ಒಂದೇ ಮಗ್ಗುಲಿಗೆ ಬಣ್ಣ ಬಳಿದದ್ದಕ್ಕೆ ಒಂದು ಹಲಗೆ ಬೆರಳಿನಷ್ಟು ಬಾಗಿ, ಹಲಗೆಗಳು ಕೂಡುವ ಕಡೆ ಎಂಜಿನ್ನು ಮಗುಚಿ ಬೀಳುತ್ತಿತ್ತು.

"ಹಲಗೆ ಕೆಳಗೆ ಮರದ ಪಟ್ಟಿ ಹೊಡೆಸಿದ್ರೆ ಸರಿಹೋಗುತ್ತೆ ಅತ್ತೆ," ಅಂದಳು, ಹಳಿ ಬಿಚ್ಚುತ್ತ.

"ಮೊಳೆ ಹೊಡೆದು ನೆಟ್ಟಗೆ ಮಾಡೋದು ಒಂದು ಮಾಡೋದಾ? ನನ್ನ ಕೈಗೆ ಕೊಡು. ನೀನು ಕೂತ ಹಸೆಮಣೆನೂ ನಾನೇ ನೆಟ್ಟಗೆ ಮಾಡಿದ್ದು ಕಣೇ."

"ಅದಕ್ಕೇ ನೋಡಿ, ಅವತ್ತಿಂದ ನಾನು ಒಂದು ಗಳಿಗೆ ನೆಟ್ಟಗೆ ಕೂತಿಲ್ಲ," ಅಂದು ಸ್ಕೂಲಿಗೆ ಹೋದಳು.

ಬೇಡ ಅನ್ನಲಿಲ್ಲವಲ್ಲ, ನನಗೆ ಅಷ್ಟು ಸಾಕು. ಈಗಿನ ಮನೆಯಲ್ಲಿ ರಾಗಿ ಮೂಟೆ ಎಲ್ಲಿದೆ? ಆದರೆ ನಮ್ಮ ಕಡೆ ಭಾರಕ್ಕೇನು ಬರ? ಅವತ್ತೇ ಮಗ ಗಂಗಾಧರ ಕೊಬ್ಬರಿಗೆ ಬಿಡುವ ತೆಂಗಿನಕಾಯಿಯನ್ನು ಅಟ್ಟಕ್ಕೆ ಏರಿಸುತ್ತಿದ್ದ. ಹಲಗೆಗೆ ಚೆನ್ನಾಗಿ ನೀರು ಹಾಕಿ, ಅಟ್ಟಕ್ಕೆ ಹಾಸಿದ ಅಡಿಕೆಮರದ ದಬ್ಬೆಗಳ ಮೇಲೆ ಮಲಗಿಸಿ, ಮೇಲೆ ಕಾಯಿ ಸುರಿಸಿದೆ. ಪಕ್ಕದ ಮನೆ ಪುಟ್ಟಗಂಗಮ್ಮನಿಗೆ ಬೇಲಿ ಹತ್ತಿರವೇ ಹೇಳಿದೆ: "ಭಾನುವಾರ ಬಾರೇ, ನಮ್ಮನೆ ರೈಲು ನೋಡುವಂತೆ."

ಸಂಜೆ ರಾಧಾಮಣಿ ಕೇಳಿದಳು. "ಹಲಗೆ ಎಲ್ಲಿ?"

"ಅಟ್ಟದಾಗೆ. ಕಾಯಿ ಕೆಳಗೆ."

"ಕಾಯಿ ಯಾವಾಗ ಇಳಿಸ್ತೀರ?"

"ಒಳಗೆ ಕೊಬ್ಬರಿ ಒಣಗಿ ಗುಡುಗುಡು ಅಂದಾಗ," ಅಂದೆ. ಅಂದ ಮೇಲೆ ಹೊಳೆಯಿತು: ಅದು ಗುಡುಗುಡು ಅನ್ನುವುದು ಮುಂದಿನ ವರ್ಷ.

ಗಂಗಾಧರ ಸೊಂಟ ಹಿಡಿದುಕೊಂಡ. "ಏರ್ಸಿದ ಕಾಯಿ ಒಣಗೋಗಂಟ ಮುಟ್ಬಾರ್ದು ಅಂತ ನೀನೇ ಅಲ್ವೇನವ್ವ ಹೇಳೋದು?"

"ಅದು ಕೊಬ್ಬರಿ ಮಾತು. ಇದು ರೈಲು ಕಣ್ಲಾ. ಇಳಿಸು."

ಶನಿವಾರ ಗೊಣಗುತ್ತಲೇ ಇಳಿಸಿದ. ನೋಡಿದರೆ, ವರ್ಷಾನುವರ್ಷ ಕಾಯಿ ಹೊತ್ತ ನಮ್ಮ ಅಟ್ಟದ ದಬ್ಬೆಗಳು ನಡುವೆ ಜಗ್ಗಿವೆ. ನೆನೆದ ಹಲಗೆ ಅವುಗಳ ಮೈಕಟ್ಟನ್ನೇ ಕಲಿತಿದೆ. ಬೆರಳಿನಷ್ಟಿದ್ದ ಬಾಗು ಈಗ ಅಂಗೈ ಅಗಲ. ಅದರಲ್ಲಿ ಪಾಯಸ ಬಡಿಸಿದರೂ ಚೆಲ್ಲುತ್ತಿರಲಿಲ್ಲ. ರಾಧಾಮಣಿ ಬೈಯಲಿಲ್ಲ. (ಬೈದಿದ್ದರೆ ಎರಡು ಮಾತು ನಾನೂ ಆಡಬಹುದಿತ್ತು.)

ಭಾನುವಾರ ಬೆಳಿಗ್ಗೆ ಬೆಂಚುಗಳ ಮೇಲೆ ಹಲಗೆ ಹಾಕಿ ಹಳಿ ಕೂಡಿಸಿದಳು. ಕೂಡುವ ಕಡೆ ಕೈಯಲ್ಲಿ ಒತ್ತಿದರೆ ಸಮ, ಬಿಟ್ಟರೆ ಏಳುತ್ತದೆ. ಗುಂಡುಕಲ್ಲು ಇಟ್ಟಳು, ಅದು ಉರುಳಿ ಅಮ್ಮಸಂದ್ರ ಸ್ಟೇಷನ್ನನ್ನು ನೆಲಸಮ ಮಾಡಿತು. ಅದನ್ನು ಅಂಟಿಸುತ್ತ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಅತ್ತೆ, ಇಲ್ಲಿ ಕೂತ್ಕೊಳ್ಳಿ."

"ನಾನಾ?"

"ಕಲ್ಲು ಹೇಳಿದ ಮಾತು ಕೇಳಲ್ಲ. ನಿಮಗಾದ್ರೆ ಒಂಚೂರು ಅತ್ಲಾಗೆ ಅಂತ ಹೇಳ್ಬೋದು."

ಹಲಗೆಯ ಮೇಲೆ ನೀಲಿ ಬಣ್ಣದಲ್ಲಿ ಕೆರೆ ಬರೆದಿದ್ದ ಮೂಲೆಯಲ್ಲಿ, ಕಾಲು ಹಳಿಗೆ ತಾಗದಂತೆ ಗೋಡೆ ಕಡೆ ಮುಖ ಮಾಡಿ ಕೂತೆ. ಕತ್ತು ತಿರುಗಿಸಿದರೆ ಬೋಗಿ ಬೀಳುತ್ತಿತ್ತು.

ತುಮಕೂರಿನವರು ಬಂದರು. ಬೆನ್ನ ಹಿಂದೆ ರೈಲು ಸರ್ರನೆ ಹೋಯಿತು, ಬಂತು, ಮತ್ತೆ ಹೋಯಿತು. ಅವರಲ್ಲಿ ಹಿರಿಯರಾದ ಸದಾಶಿವಯ್ಯ ಅನ್ನುವವರು, "ಎರಡು ಹಲಗೆ ಅಂತ ಗೊತ್ತೇ ಆಗಲ್ವಲ್ಲ ಮೇಡಂ. ಇಷ್ಟು ಸಮ ಯಾರು ಕೂರಿಸಿದ್ದು?" ಅಂದರು.

"ನಮ್ಮತ್ತೆ ಸರ್," ಅಂದಳು ನನ್ನ ಸೊಸೆ. ನನ್ನ ಎದೆ ಉಬ್ಬಿತು. ತಕ್ಷಣ ಮೆಲ್ಲಗೆ, "ಅತ್ತೆ, ಉಸಿರು," ಅಂದಳು.

"ತುಮಕೂರಿಗೆ ತಪ್ಪದೆ ತನ್ನಿ," ಅಂದರು ಸದಾಶಿವಯ್ಯ. "ಹೀಗೇ ಇರಲಿ, ಏನೊಂದೂ ಬದಲಾಯಿಸ್ಬೇಡಿ."

ಅಷ್ಟರಲ್ಲಿ ಬಾಗಿಲಲ್ಲಿ ಪುಟ್ಟಗಂಗಮ್ಮನ ದನಿ. "ಇದೇನಕ್ಕ, ನನ್ನ ಬಾ ಅಂದು ನೀನು ಗೋಡೆಗೆ ಮಖ ಮಾಡ್ಕಂಡು ಕುಂತಿದ್ದೀಯ? ಸೊಸೆ ಮೇಲೆ ಮುನಿಸಾ?"

"ಮುನಿಸಲ್ಲ ಕಣೇ," ಅಂದೆ, ಕತ್ತು ಆಡಿಸದೆ. "ರೈಲು ಓಡಿಸ್ತಾ ಇವ್ನಿ. ನಿಂತಮೇಲೆ ಮಾತಾಡ್ಸು."